ದೊಡ್ಡಿಯ ರೈತರಿಗೆ ತರಬೇತಿ: ಹಣ ಎಲ್ಲಿ ಕೇಳೋಣ, ಯಾವುದಕ್ಕೆ ಕೇಳೋಣ?

ಕೂರಿಗಿ (ಸುರಪುರ ತಾಲ್ಲೂಕು):

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಆದರೂ ಪೂರ್ತಿ ಓದಿ.

ನಮ್ಮದು ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಒಂದು ದೊಡ್ಡಿ. ಊರಿನಿಂದ ದೂರ, ಹೊಲದಲ್ಲೇ ಮನೆ ಹಾಕಿಕೊಂಡು ಕೆಲವು ಕುಟುಂಬ ಇರುವ ಜಾಗಕ್ಕೆ ನಮ್ಮ ಕಡೆ ದೊಡ್ಡಿ ಅನ್ನುತ್ತೇವೆ. ನಮ್ಮದು ಮತ್ತು ಪಕ್ಕದ ಎರಡು ಸೇರಿದರೆ 25 ಮನೆ. ಎಲ್ಲರೂ ಬೇಡರು. ಕಾಗದದಲ್ಲಿ ನಾಯಕ, ಪರಿಶಿಷ್ಟ ಪಂಗಡ. ಕಾಲುವೆ ನೀರು ನಮ್ಮ ಹೊಲ ಮುಟ್ಟುವುದಿಲ್ಲ. ಮಳೆ ಬಂದರೆ ಬೆಳೆ, ಬರದಿದ್ದರೆ ದೀಪಾವಳಿ ಮುಗಿದ ಮೇಲೆ ಬೆಂಗಳೂರಿನ ಕಟ್ಟಡ ಕೆಲಸ.

ಮೊದಲು ತೊಗರಿ, ಸಜ್ಜೆ, ಹೆಸರು ಕೂಡಿಸಿ ಬಿತ್ತುತ್ತಿದ್ದರು. ಆಮೇಲೆ ಹತ್ತಿ ಬಂತು. ಹತ್ತಿಯ ಜೊತೆಗೆ ಉದ್ರಿಯೂ ಬಂತು. ಬೀಜ, ಗೊಬ್ಬರ, ಎಣ್ಣೆ (ಹುಳಕ್ಕೆ ಹೊಡೆಯುವ ಔಷಧಿ) ಎಲ್ಲ ಅಂಗಡಿಯಲ್ಲಿ ಉದ್ರಿ. ಹತ್ತಿ ಬಿಡಿಸಿದ ಮೇಲೆ ಅಂಗಡಿಯವರ ಲೆಕ್ಕ ತೀರಿಸಿದರೆ ಕೈಯಲ್ಲಿ ಉಳಿಯುವುದು ಬಹಳ ಕಮ್ಮಿ. ನಮ್ಮ ಸಂಘದಲ್ಲಿ 18 ಹೆಂಗಸರಿದ್ದೇವೆ. ಈ ಖರ್ಚು ಇಳಿಸುವ ಬೇಸಾಯ ಕಲಿಯಬೇಕು ಅಂತ ಎಲ್ಲರಿಗೂ ಆಸೆ ಇದೆ.

ಹೋದ ವರ್ಷ ಒಂದು ತರಬೇತಿ ಬಂದಿತ್ತು. ಯಾರು ಮಾಡಿದ್ದು ಅಂತ ಹೇಳುವುದಿಲ್ಲ, ಅವರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಮಾರ್ಚ್ ಕೊನೆಯ ವಾರ ಇತ್ತು. ಪಟ್ಟಿಯಲ್ಲಿದ್ದ ಅರ್ಧ ಜನ ಆಗ ಬೆಂಗಳೂರಿನಲ್ಲಿದ್ದರು. ಒಂದು ಹಾಲ್‌ನಲ್ಲಿ ಕೂರಿಸಿ, ಗೋಡೆಗೆ ಚಿತ್ರ ಬಿಟ್ಟು, ಮಧ್ಯಾಹ್ನ ಊಟ ಕೊಟ್ಟು, ಫೋಟೋ ತೆಗೆದು, ಒಂದು ಚೀಲ ಕೊಟ್ಟು ಕಳಿಸಿದರು. ಚೀಲದಲ್ಲಿ ಟ್ರೈಕೋಡರ್ಮಾ ಪೊಟ್ಟಣ ಇತ್ತು. ತೊಗರಿಯ ನೆಟೆ ರೋಗಕ್ಕೆ ಒಳ್ಳೆಯದು ಅಂದರು. ನಮ್ಮ ಅತ್ತೆ ಅದನ್ನು ಬಂಗಾರದ ಹಾಗೆ ಸೆರಗಿನಲ್ಲಿ ಸುತ್ತಿ ತಂದು, ಇಲಿ ಮುಟ್ಟಬಾರದು ಅಂತ ಪತ್ರಾಸಿನ (ತಗಡಿನ ಚಾವಣಿಯ) ಕೆಳಗೆ ಮೇಲಕ್ಕೆ ಕಟ್ಟಿ ಇಟ್ಟರು. ಏಪ್ರಿಲ್, ಮೇ ಬಿಸಿಲು ಪೂರ್ತಿ ಅದರ ಮೇಲೆ ಹಾದುಹೋಯಿತು. ಜೂನ್‌ನಲ್ಲಿ ಬೀಜಕ್ಕೆ ಕಲಸಿ ಬಿತ್ತಿದರು. ಹೂವು ಕಟ್ಟುವ ಹೊತ್ತಿಗೆ ಸಾಲುಸಾಲೇ ಒಣಗಿತು.

"ಕಲಿತಿದ್ದು ಏನೂ ಉಪಯೋಗ ಆಗಲಿಲ್ಲ ನೋಡವ್ವ" ಅಂದರು ಅತ್ತೆ. ಟ್ರೈಕೋಡರ್ಮಾ ಅನ್ನುವುದು ಜೀವ ಇರುವ ಶಿಲೀಂಧ್ರ, ನೆರಳಲ್ಲಿ ತಂಪಾಗಿ ಇಡಬೇಕು, ಬೇಗ ಬಳಸಬೇಕು ಅಂತ ನನಗೂ ಆಗ ಗೊತ್ತಿರಲಿಲ್ಲ. ಪೊಟ್ಟಣದಲ್ಲಿ ಬರೆದಿತ್ತು. ಅತ್ತೆಗೆ ಓದು ಬರುವುದಿಲ್ಲ.

ಆದ್ದರಿಂದ ಈ ಸಲ ನಾವೇ ಹಣ ಕೇಳಿ, ನಮಗೆ ಬೇಕಾದ ಹಾಗೆ ತರಬೇತಿ ಮಾಡಿಸಿಕೊಳ್ಳೋಣ ಅಂತ ಯೋಚನೆ ಮಾಡಿದ್ದೇವೆ. ಎಲ್ಲಿ ಕೇಳಬೇಕು? ಅರ್ಜಿಯಲ್ಲಿ ಏನು ಬರೆಯಬೇಕು? ಗೊತ್ತಿದ್ದವರು ತಿಳಿಸಿ.

ಎರೆಹೊಲ (ಶಹಾಪುರ):

ತಂಗಿ, ನಾನು ಕೃಷಿ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಿನ್ನ ಅತ್ತೆಯ ವಿಷಯ ಓದಿ ಬಹಳ ಬೇಜಾರಾಯಿತು. ಮಾರ್ಚ್‌ನಲ್ಲಿ ಯಾಕೆ ಮಾಡುತ್ತಾರೆ ಅಂದರೆ, ಮಾರ್ಚ್ 31ಕ್ಕೆ ಲೆಕ್ಕ ಮುಗಿಯಬೇಕು. ನಾನು ಕೆಲಸದಲ್ಲಿದ್ದಾಗ ಎಷ್ಟೋ ವರ್ಷ ಹಣ ಬಂದು ಮುಟ್ಟುತ್ತಿದ್ದದ್ದೇ ಚಳಿಗಾಲದಲ್ಲಿ. ರೈತ ಹೊಲದಲ್ಲಿ ಇರುವುದು ಜೂನ್‌ನಿಂದ ಡಿಸೆಂಬರ್. ಅದಕ್ಕೇ ಎರಡೂ ಕೂಡುವುದಿಲ್ಲ. ಈ ಜನವರಿ, ಫೆಬ್ರುವರಿಯಲ್ಲೇ ಮುಂದಿನ ವರ್ಷದ ಕ್ರಿಯಾ ಯೋಜನೆಯಲ್ಲಿ ನಿಮ್ಮ ಹೆಸರು ಸೇರಿಸಲು ಕೇಳಬೇಕು. ಮೇ ತಿಂಗಳಲ್ಲಿ ಕೇಳಿದರೆ ತಡ ಆಗಿಬಿಡುತ್ತದೆ.

ಎಲ್ಲಿ ಕೇಳಬೇಕು ಅಂತ ಹೇಳುತ್ತೇನೆ. ನಿಮಗೆ ಹತ್ತಿರದ್ದು ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ. ಅದು ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೆಳಗೆ ಬರುತ್ತದೆ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನಲ್ಲಿ ಪರಿಶಿಷ್ಟ ಪಂಗಡದ ರೈತರಿಗಾಗಿಯೇ ಬೇರೆ ಹಣ ಇರುತ್ತದೆ, ಅದಕ್ಕೆ ಎಸ್‌ಟಿಸಿ ಅನ್ನುತ್ತಾರೆ. ಮೊದಲು ಟಿಎಸ್‌ಪಿ ಅನ್ನುತ್ತಿದ್ದರು. ತರಬೇತಿ, ಬೀಜ, ಸಣ್ಣ ಸಲಕರಣೆ, ಪ್ರಾತ್ಯಕ್ಷಿಕೆ ಇವಕ್ಕೆಲ್ಲ ಅದರಲ್ಲಿ ದಾರಿ ಇದೆ. ಸಂಘದ ಲೆಟರ್‌ಹೆಡ್‌ನಲ್ಲಿ 25 ಜನರ ಹೆಸರು, ಜಾತಿ ಪ್ರಮಾಣಪತ್ರ, ಪಹಣಿ ನಕಲು ಜೋಡಿಸಿ ಕೇಂದ್ರದ ಮುಖ್ಯಸ್ಥರಿಗೆ ನೇರವಾಗಿ ಕೊಡಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಎರಡನೆಯದು ಆತ್ಮ ಯೋಜನೆ, ಅಂದರೆ ರೈತರಿಗೆ ಕೃಷಿ ತಂತ್ರಜ್ಞಾನ ತಿಳಿಸುವ ಸರ್ಕಾರದ ಯೋಜನೆ. ಕೇಂದ್ರ 60, ರಾಜ್ಯ 40 ಪಾಲಿನಲ್ಲಿ ನಡೆಯುತ್ತದೆ. ಅದರಲ್ಲಿ ರೈತರ ಹೊಲದಲ್ಲೇ ಹಂಗಾಮಿನುದ್ದಕ್ಕೂ ನಡೆಯುವ ಕೃಷಿ ಪಾಠಶಾಲೆಗೆ ಅವಕಾಶ ಇದೆ. ನೀನು ಕೇಳಬೇಕಾದ್ದು ಅದನ್ನೇ, ಒಂದು ದಿನದ ತರಬೇತಿಯನ್ನಲ್ಲ.

ಮೂರನೆಯದು, ನಮ್ಮ ರಾಜ್ಯದ 2013ರ ಕಾಯ್ದೆ. ಜನಸಂಖ್ಯೆಯ ಲೆಕ್ಕದಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪರಿಶಿಷ್ಟ ಪಂಗಡಕ್ಕೆ ಶೇ. 6.95 ಪಾಲು ಹಣ ಮೀಸಲಿಡಬೇಕು. ಆ ಹಣವನ್ನು ಬೇರೆ ಕೆಲಸಕ್ಕೆ ತಿರುಗಿಸಲು ದಾರಿ ಮಾಡಿಕೊಟ್ಟಿದ್ದ 7(ಡಿ) ಕಲಮನ್ನು 2023ರಲ್ಲಿ ತೆಗೆದರು. ಕೃಷಿ ಇಲಾಖೆಯ ಪಾಲಿನಲ್ಲೂ ಈ ಹಣ ಇರುತ್ತದೆ. ಅದರಲ್ಲಿ ತುಂತುರು ಸೆಟ್, ಯಂತ್ರ ಅಂತ ವಸ್ತು ಕೊಡುವುದು ಜಾಸ್ತಿ. ವಸ್ತು ಕೊಟ್ಟರೆ ಲೆಕ್ಕ ತೋರಿಸುವುದು ಸುಲಭ. ಕಲಿಸಿದ್ದನ್ನು ಲೆಕ್ಕ ತೋರಿಸುವುದು ಕಷ್ಟ. ಆದರೂ ಕೇಳಿ, ಬಿಡಬೇಡಿ.

ಔರಾದ್ ಕಡೆಯವ (ಬೀದರ್ ಜಿಲ್ಲೆ):

ಅಕ್ಕಾ, ನಾವು ಗೊಂಡರು. ನಮ್ಮದೂ ಇದೇ ಕಥೆ. 2011ರ ಜನಗಣತಿ ನೋಡಿದರೆ ಬೀದರ್ ಜಿಲ್ಲೆಯಲ್ಲಿ ನೂರಕ್ಕೆ ಸುಮಾರು 14 ಜನ, ಯಾದಗಿರಿಯಲ್ಲಿ ಹನ್ನೆರಡಕ್ಕಿಂತ ಸ್ವಲ್ಪ ಜಾಸ್ತಿ ಜನ ಪರಿಶಿಷ್ಟ ಪಂಗಡದವರು. ರಾಜ್ಯದ ಲೆಕ್ಕ ಸುಮಾರು 7. ಆದರೂ ಆದಿವಾಸಿ ಅಂದ ಕೂಡಲೇ ಎಲ್ಲರಿಗೂ ಮೈಸೂರು, ಕೊಡಗಿನ ಕಾಡು ನೆನಪಾಗುತ್ತದೆ. ನಮ್ಮ ಬಯಲು ಸೀಮೆಯ ಬುಡಕಟ್ಟಿನ ರೈತರು ಯಾರ ಕಣ್ಣಿಗೂ ಬೀಳುವುದಿಲ್ಲ.

ನಾನು ಹೇಳಬೇಕಾದ್ದು ಬೇರೆ. ಬೀದರಿನಿಂದ ಗಡಿ ದಾಟಿದರೆ ತೆಲಂಗಾಣದ ಜಹೀರಾಬಾದ್. ಅಲ್ಲೇ ಪಸ್ತಾಪುರ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಅಂತ ಒಂದು ಸಂಸ್ಥೆ 1983ರಿಂದ ಇದೆ. ನಮ್ಮ ಮೈಸೂರಿನವರೇ ಆದ ಪಿ.ವಿ. ಸತೀಶ್ ಅದನ್ನು ಕಟ್ಟಿದವರಲ್ಲಿ ಮುಖ್ಯರು, 2023ರಲ್ಲಿ ತೀರಿಹೋದರು. ಅಲ್ಲಿನ ಸಂಘದ ಹೆಂಗಸರಲ್ಲಿ ಹೆಚ್ಚಿನವರು ದಲಿತರು, ಸಣ್ಣ ಹಿಡುವಳಿಯವರು. ಮಳೆ ನೆಚ್ಚಿಕೊಂಡೇ ಹತ್ತು ಹದಿನೈದು ತರದ ಕಾಳು ಒಂದೇ ಹೊಲದಲ್ಲಿ ಬೆಳೆಯುತ್ತಾರೆ. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಅವರಿಗೆ ಸಿಕ್ಕಿತು.

ನಾನು ನಮ್ಮ ಕಡೆಯ ಆರು ಜನರ ಜೊತೆ ಅಲ್ಲಿಗೆ ಹೋಗಿದ್ದೆ. ತೆಲುಗು ನಮಗೆ ಅರ್ಧಂಬರ್ಧ. ಆದರೂ ಎಲ್ಲ ತಿಳಿಯಿತು. ಒಬ್ಬ ಅವ್ವ ಬಿದಿರು ಬುಟ್ಟಿಗೆ ಒಳಗೂ ಹೊರಗೂ ಸಗಣಿ ಸಾರಿಸಿ ಒಣಗಿಸಿದ್ದಳು. ತಳಕ್ಕೆ ಬೂದಿ, ಬೇವಿನ ಎಲೆ. ಮೇಲೆ ಬೀಜ. ಮತ್ತೆ ಬೂದಿ. ಬಾಯಿಗೆ ಮಣ್ಣು ಮೆತ್ತಿದಳು. ಅಷ್ಟನ್ನೂ ನಮ್ಮ ಕೈಯಿಂದ ಮಾಡಿಸಿದಳು. ನಾನು ಮೆತ್ತಿದ ಕಡೆ ಬಿರುಕು ಬಿಟ್ಟಿತ್ತು. ಕೈ ಹಿಡಿದು "ಇಲ್ಲಿ ಹುಳ ಬರುತ್ತದೆ" ಅಂತ ಸನ್ನೆಯಲ್ಲೇ ತೋರಿಸಿದಳು. ಆ ಅರ್ಧ ತಾಸು ನನಗೆ ಈಗಲೂ ಮರೆತಿಲ್ಲ. ಹಾಲ್‌ನಲ್ಲಿ ಕೇಳಿದ ಮಾತು ಯಾವುದೂ ನೆನಪಿಲ್ಲ.

ಪ್ರತಿ ವರ್ಷ ಸಂಕ್ರಾಂತಿ ಸುಮಾರಿಗೆ ಅಲ್ಲಿ ಹಳೆಯ ಬೆಳೆಗಳ ಜಾತ್ರೆ ಶುರುವಾಗುತ್ತದೆ. ಎತ್ತಿನ ಗಾಡಿಯಲ್ಲಿ ಬೀಜ ಹೇರಿಕೊಂಡು ಊರೂರು ತಿರುಗುತ್ತಾರೆ. ನಿಮ್ಮ ಅರ್ಜಿಯಲ್ಲಿ ಅಲ್ಲಿಗೆ ಹೋಗಿಬರುವ ಖರ್ಚನ್ನು ತಪ್ಪದೆ ಸೇರಿಸಿ.

ಭೀಮಾ ದಂಡೆ (ಜೇವರ್ಗಿ):

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಯಾರೂ ತಪ್ಪು ತಿಳಿಯಬೇಡಿ. ತರಬೇತಿ, ತರಬೇತಿ ಅಂತ ಎಷ್ಟು ವರ್ಷ? ರೈತನಿಗೆ ತಿಳಿವಳಿಕೆ ಇಲ್ಲ ಅಂತಲೇ ಎಲ್ಲ ಯೋಜನೆ ಶುರುವಾಗುತ್ತದೆ. ನಮಗೆ ಬೇಕಾದ್ದು ನೀರು ಮತ್ತು ಬೆಲೆ. 2025-26ಕ್ಕೆ ತೊಗರಿಗೆ ಕ್ವಿಂಟಲ್‌ಗೆ 8,000 ರೂಪಾಯಿ ಬೆಂಬಲ ಬೆಲೆ ಅಂತ ಘೋಷಣೆ ಮಾಡಿದರು. ಖರೀದಿ ಕೇಂದ್ರ ತೆರೆಯುವ ಮೊದಲೇ ಸಣ್ಣ ರೈತ ಸಾಲಗಾರನಿಗೆ ಹೆದರಿ ಮಾರಿಬಿಟ್ಟಿರುತ್ತಾನೆ. ಅವನಿಗೆ ಸಗಣಿ, ಗಂಜಲದ ಜೀವಾಮೃತ ಮಾಡುವುದನ್ನು ಕಲಿಸಿ ಏನು ಬಂತು? ಗೊಬ್ಬರ, ಎಣ್ಣೆ ಒಮ್ಮೆಲೇ ಬಿಟ್ಟರೆ ಮೊದಲ ಎರಡು ವರ್ಷ ಇಳುವರಿ ಬೀಳುತ್ತದೆ. ಆ ನಷ್ಟ ಯಾರು ಕೊಡುತ್ತಾರೆ? ಎರಡು ಎಕರೆಯವನು ಎರಡು ವರ್ಷ ಕಾಯಲು ಆಗುತ್ತದೆಯೇ?

ಕೂರಿಗಿ:

ಅಣ್ಣಾ, ನೀವು ಹೇಳಿದ್ದರಲ್ಲಿ ಬಹಳ ನಿಜ ಇದೆ. ಬೆಲೆಯ ಮಾತು ಪೂರ್ತಿ ಒಪ್ಪುತ್ತೇನೆ. ಆದರೆ ಬೆಲೆ ನನ್ನ ಕೈಯಲ್ಲಿ ಇಲ್ಲ. ಅಂಗಡಿಯ ಉದ್ರಿ ಸ್ವಲ್ಪವಾದರೂ ನನ್ನ ಕೈಯಲ್ಲಿದೆ. ಐದು ಕಿಲೋ ಬೇವಿನ ಬೀಜ ಕುಟ್ಟಿ, ರಾತ್ರಿ ನೆನೆಸಿ, ಸೋಸಿ, 100 ಲೀಟರ್ ನೀರಿಗೆ ಕೂಡಿಸಿದರೆ ಒಂದು ಸಿಂಪಡಣೆಗೆ ಕಷಾಯ ಆಗುತ್ತದೆ. ಬೇವಿನ ಬೀಜ ನಮ್ಮ ದೊಡ್ಡಿಯ ದಾರಿಯಲ್ಲೇ ಬಿದ್ದಿರುತ್ತದೆ. ಜೂನ್, ಜುಲೈನಲ್ಲಿ ಆಯ್ದುಕೊಂಡು ಒಣಗಿಸಿಡಬೇಕು ಅಷ್ಟೇ. ಯಾವಾಗ ಆಯಬೇಕು, ಯಾವಾಗ ಹೊಡೆಯಬೇಕು ಅನ್ನುವುದು ಗೊತ್ತಿಲ್ಲದೆ ಸಾವಿರಾರು ರೂಪಾಯಿ ಅಂಗಡಿಗೆ ಹೋಗುತ್ತಿದೆ.

ಒಮ್ಮೆಲೇ ಎಲ್ಲ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಕಾಲು ಎಕರೆಯಲ್ಲಿ ಮಾಡಿ ನೋಡೋಣ ಅಂತ ಸಂಘದಲ್ಲಿ ಮಾತಾಗಿದೆ. ಉಳಿದ ಹೊಲ ಹೇಗಿತ್ತೋ ಹಾಗೆ.

ಪುಂಡಿ ಹೂ (ಚಿತ್ತಾಪುರ):

ನಾನು ಕೃಷಿ ಸಖಿ, ಅಂದರೆ ಊರಿನ ರೈತರಿಗೆ ಬೇಸಾಯ ತಿಳಿಸಿಕೊಡುವವಳು. ಸಂಜೀವಿನಿ ಸ್ವಸಹಾಯ ಸಂಘದಿಂದ ಆಯ್ಕೆ ಆದವಳು. ಜೇವರ್ಗಿ ಅಣ್ಣ ಕೇಳಿದ ಪ್ರಶ್ನೆಗೆ ಒಂದು ಉತ್ತರ ಇದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ನೈಸರ್ಗಿಕ ಕೃಷಿಯ ರಾಷ್ಟ್ರೀಯ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 2,481 ಕೋಟಿ ರೂಪಾಯಿ, 15,000 ಕ್ಲಸ್ಟರ್ (ಅಕ್ಕಪಕ್ಕದ ಹೊಲಗಳ ಗುಂಪು). ಅದರಲ್ಲಿ ಸೇರಿದ ರೈತರಿಗೆ ಎಕರೆಗೆ ವರ್ಷಕ್ಕೆ 4,000 ರೂಪಾಯಿಯಂತೆ ಎರಡು ವರ್ಷ ಪ್ರೋತ್ಸಾಹಧನ ಇದೆ. ನಷ್ಟ ಪೂರ್ತಿ ತುಂಬುವುದಿಲ್ಲ, ಆದರೆ ಕಾಲು ಎಕರೆ, ಅರ್ಧ ಎಕರೆಯಿಂದ ಶುರು ಮಾಡುವವರಿಗೆ ಆಸರೆ ಆಗುತ್ತದೆ. ಹಳೆಯ ಪರಂಪರಾಗತ ಕೃಷಿ ವಿಕಾಸ ಯೋಜನೆಯೂ ಇದೆ. ಅದು 20 ಹೆಕ್ಟೇರ್ ಗುಂಪಿಗೆ. ಮೂರು ವರ್ಷಕ್ಕೆ ಹೆಕ್ಟೇರಿಗೆ 31,500 ರೂಪಾಯಿ. ಅದರಲ್ಲಿ 15,000 ರೈತರ ಖಾತೆಗೆ ಬರುತ್ತದೆ, ಉಳಿದದ್ದು ತರಬೇತಿ, ಪ್ರಮಾಣೀಕರಣ, ಮಾರಾಟಕ್ಕೆ. 25 ಮನೆಯವರು ಎರಡೆರಡು ಎಕರೆ ಸೇರಿಸಿದರೆ 50 ಎಕರೆ, ಅಂದರೆ ಸುಮಾರು 20 ಹೆಕ್ಟೇರ್. ತಾಲ್ಲೂಕು ಕೃಷಿ ಅಧಿಕಾರಿಗಳನ್ನು ಕೇಳಿ ನೋಡಿ, ನಿಮ್ಮ ಹೋಬಳಿ ಯಾವ ಕ್ಲಸ್ಟರ್‌ನಲ್ಲಿದೆ ಅಂತ.

ಈಗ ನನ್ನ ಅನುಭವ ಹೇಳುತ್ತೇನೆ. ತೊಗರಿ ಕಾಯಿ ಕೊರಕದ ಹುಳಕ್ಕೆ ಗಿಡ ಝಾಡಿಸುವುದು ನಮ್ಮ ಭಾಗದ ಹಳೆಯ ಪದ್ಧತಿ. 1997-98ರಲ್ಲಿ ಈ ಹುಳ ತೊಗರಿಯನ್ನು ತಿಂದುಹಾಕಿ, ಕಲಬುರಗಿ, ಬೀದರ್ ಕಡೆ ರೈತರು ಜೀವ ಕಳೆದುಕೊಂಡ ಕಾಲವನ್ನು ನಮ್ಮ ಅಪ್ಪ ಈಗಲೂ ನೆನೆಸುತ್ತಾರೆ. ಆಗ ಯಾವ ಎಣ್ಣೆಗೂ ಹುಳ ಸಾಯುತ್ತಿರಲಿಲ್ಲವಂತೆ.

ನಾನು ಇದನ್ನು ಮೊದಲು ಮನೆ ಅಂಗಳದಲ್ಲಿ ಕೂತು ಬಾಯಲ್ಲಿ ಹೇಳಿದೆ. ಯಾರೂ ಮಾಡಲಿಲ್ಲ. ಆಮೇಲೆ ಬೆಳಿಗ್ಗೆ ಏಳಕ್ಕೆ ಒಬ್ಬರ ಹೊಲಕ್ಕೇ ಎಲ್ಲರನ್ನೂ ಕರೆದುಕೊಂಡು ಹೋದೆ. ಸಾಲಿನ ಮಧ್ಯೆ ಹಳೆಯ ತಾಡಪತ್ರಿ ಹಾಸಿದೆವು. ಒಬ್ಬರು ಗಿಡದ ಬುಡದ ಹತ್ತಿರ ಹಿಡಿದು ಎರಡು ಸಲ ಮೆಲ್ಲಗೆ ಅಲುಗಿಸಿದರು. ಜೋರಾಗಿ ಎಳೆದರೆ ಹೂವು ಉದುರುತ್ತದೆ, ಅದನ್ನು ಕೈಯಿಂದಲೇ ಕಲಿಯಬೇಕು. ಹುಳ ಟಪಟಪ ಬಿದ್ದವು. ಒಂದು ಸಾಲಿಗೆ ಅರ್ಧ ಪಾವು ಹುಳ. ಎಣಿಸಲು ಕೂತ ಹುಡುಗ ಇನ್ನೂರರ ತನಕ ಹೋಗಿ ಬಿಟ್ಟ. ಪಕ್ಕದ ಮನೆಯ ಕೋಳಿ ತಂದು ಬಿಟ್ಟೆವು. ಆ ಹೊಲದವಳು ಅದೇ ವಾರ ಉಳಿದ ಸಾಲೆಲ್ಲ ಝಾಡಿಸಿದಳು.

ಆದರೆ ಒಂದು ಕಷ್ಟ ಹೇಳಲೇಬೇಕು. ಆ ದಿನ ಬಂದ 14 ಹೆಂಗಸರಲ್ಲಿ ಐದು ಜನ ಕೂಲಿ ಬಿಟ್ಟು ಬಂದಿದ್ದರು. ಎರಡನೇ ಸಲ ಕರೆದಾಗ ಆ ಐದು ಜನ ಬರಲಿಲ್ಲ. ನಾನು ಅವರನ್ನು ಏನಂತ ಕೇಳಲಿ? ಅವರ ಒಲೆ ಅವತ್ತಿನ ಕೂಲಿಯಿಂದ ಉರಿಯುತ್ತದೆ. ಕಲಿಯುವ ದಿನಕ್ಕೆ ಕೂಲಿ ಕೊಡದೆ ಬಡವರಿಗೆ ತರಬೇತಿ ಅನ್ನುವುದು ತಪ್ಪು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಇನ್ನೊಂದು, ಎರಡು ಜನ ಕೈಗೂಸು ಎತ್ತಿಕೊಂಡು ಬಂದಿದ್ದರು. ಮಗು ಅಳುವಾಗ ಅವರು ಬದುವಿನ ಮೇಲೆ ಹೋಗಿ ಕೂತರು. ಕಲಿತದ್ದು ಏನೂ ಇಲ್ಲ.

ಕೂರಿಗಿ:

ಚಿತ್ತಾಪುರದ ಅಕ್ಕನ ಮಾತು ಓದಿ ರಾತ್ರಿ ಸಂಘದಲ್ಲಿ ಜೋರಾಗಿ ಓದಿ ಹೇಳಿದೆ. ಎಲ್ಲರೂ "ಇದೇ ಬರಿ, ಇದೇ ಬರಿ" ಅಂದರು. ಕೂತು ಒಂದು ಲೆಕ್ಕ ಹಾಕಿದೆವು. ತಪ್ಪಿದ್ದರೆ ತಿದ್ದಿ.

ಜೂನ್‌ನಿಂದ ಡಿಸೆಂಬರ್ ತನಕ ಹದಿನೈದು ದಿನಕ್ಕೊಮ್ಮೆ, ಒಟ್ಟು 14 ಸಲ, ಬೆಳಿಗ್ಗೆ ಅರ್ಧ ದಿನ, ಹೊಲದಲ್ಲೇ. 2025-26ಕ್ಕೆ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅದೇ ಲೆಕ್ಕದಲ್ಲಿ ಅರ್ಧ ದಿನಕ್ಕೆ 185. 25 ಜನಕ್ಕೆ 14 ಸಲ ಅಂದರೆ 64,750. ಕಲಿಸುವ ಇಬ್ಬರು ಹಿರಿಯ ರೈತರಿಗೆ ಪೂರ್ತಿ ದಿನದ ಕೂಲಿ, 10,360. ಕೃಷಿ ಸಖಿಗೆ ಸಲಕ್ಕೆ 500ರಂತೆ 7,000. ಮಕ್ಕಳನ್ನು ನೋಡಿಕೊಳ್ಳುವ ಇಬ್ಬರಿಗೆ 5,180. ಬೀಜೋಪಚಾರದ ಸಾಮಾನು, ಮೋಹಕ ಬಲೆ (ಹುಳದ ಪತಂಗ ಹಿಡಿಯುವ ಬಲೆ), ತಾಡಪತ್ರಿ, ಡ್ರಮ್ಮು ಎಲ್ಲ ಸೇರಿ 12,000 ಅಂತ ಹಿಡಿದಿದ್ದೇವೆ. ಪಸ್ತಾಪುರಕ್ಕೆ ಒಂದು ಸಲ ಹೋಗಿಬರಲು ಗಾಡಿ, ಊಟ ಸೇರಿ 22,000. ಒಟ್ಟು 1,21,290. ಒಬ್ಬರಿಗೆ ಐದು ಸಾವಿರಕ್ಕಿಂತ ಕಮ್ಮಿ. ಹಾಲ್, ಬ್ಯಾನರ್, ಚೀಲ ಯಾವುದಕ್ಕೂ ನಾವು ಕೇಳುವುದಿಲ್ಲ.

ಅರ್ಧಕ್ಕಿಂತ ಜಾಸ್ತಿ ಹಣ ಕೂಲಿಗೇ ಹೋಗುತ್ತದಲ್ಲ, ಕೊಡುವವರು ಒಪ್ಪುತ್ತಾರಾ ಅಂತ ನಮ್ಮಲ್ಲೇ ಒಬ್ಬಳು ಕೇಳಿದಳು. ಒಪ್ಪಿಸಬೇಕು. ಅಧಿಕಾರಿಗಳು ತರಬೇತಿಗೆ ಬಂದರೆ ಅವರಿಗೆ ಆ ದಿನದ ಸಂಬಳ ಇರುತ್ತದೆ, ಅಲ್ವಾ? ನಮಗೂ ಆ ದಿನ ಖಾಲಿ ಹೋಗಬಾರದು.

ಸುಣ್ಣದ ಕಲ್ಲು (ಸೇಡಂ):

ಲೆಕ್ಕ ಚೆನ್ನಾಗಿದೆ. ನಾನು ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಲೆಕ್ಕ ಬರೆಯುವವನು. ಕೆಲವು ವಿಷಯ ಹೇಳುತ್ತೇನೆ, ಇಲ್ಲದಿದ್ದರೆ ಸುಮ್ನೆ ತಿರುಗಾಟ ಆಗುತ್ತದೆ.

ಸರ್ಕಾರಿ ತರಬೇತಿ ಹಣದಲ್ಲಿ ಊಟ, ಪ್ರಯಾಣ, ಸಾಮಾನಿಗೆ ಖರ್ಚಿನ ಬಾಬ್ತು ಇರುತ್ತದೆ. ಕೂಲಿ ಅನ್ನುವ ಬಾಬ್ತು ಇರುವುದು ಅಪರೂಪ. ಅದಕ್ಕೇ ಹಣವನ್ನು ಎರಡು ಕಡೆ ಕೇಳಿ. ಸಾಮಾನು, ಸಂಪನ್ಮೂಲ ವ್ಯಕ್ತಿ, ಪ್ರವಾಸ ಇವನ್ನು ಕೃಷಿ ವಿಜ್ಞಾನ ಕೇಂದ್ರದ ಹತ್ತಿರ ಕೇಳಿ. ಕೂಲಿ ಮತ್ತು ಮಕ್ಕಳ ಖರ್ಚನ್ನು ಕಂಪನಿಗಳ ಸಿಎಸ್‌ಆರ್ ಹಣದಲ್ಲಿ ಕೇಳಿ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟು ಸಮಾಜಕ್ಕೆ ಖರ್ಚು ಮಾಡಬೇಕು. ಅವರು ತಮ್ಮ ಕಾರ್ಖಾನೆಯ ಸುತ್ತಲಿನ ಊರಿಗೇ ಮೊದಲು ಕೊಡುತ್ತಾರೆ. ನಮ್ಮ ಸೇಡಂ, ಚಿತ್ತಾಪುರಕ್ಕೆ ಸಿಮೆಂಟ್ ಕಾರ್ಖಾನೆ ಇವೆ, ನಿಮ್ಮ ಸುರಪುರಕ್ಕೆ ಇಲ್ಲ. ಆದರೆ ಯಾದಗಿರಿ 2018ರಿಂದ ಕೇಂದ್ರ ಸರ್ಕಾರದ ಮಹತ್ವಾಕಾಂಕ್ಷಿ (ಹಿಂದುಳಿದ) ಜಿಲ್ಲೆಗಳ ಪಟ್ಟಿಯಲ್ಲಿದೆ. ಜಿಲ್ಲಾಧಿಕಾರಿ ಕಚೇರಿಯ ಮೂಲಕ ಕಂಪನಿಗಳಿಗೆ ಬರೆಯಲು ಆ ಮಾತು ಸಹಾಯಕ್ಕೆ ಬರುತ್ತದೆ.

ಸಿಎಸ್‌ಆರ್ ಹಣ ಸಂಘದ ಖಾತೆಗೆ ನೇರ ಬರುವುದಿಲ್ಲ. ನೋಂದಾಯಿತ ಟ್ರಸ್ಟ್ ಅಥವಾ ಸೊಸೈಟಿ ಬೇಕು. ಆದಾಯ ತೆರಿಗೆ ಇಲಾಖೆಯ ನೋಂದಣಿ (12ಎ, 80ಜಿ ಅನ್ನುತ್ತಾರೆ) ಇರಬೇಕು, ಈ ಹಣ ಪಡೆಯಲು ನೋಂದಾಯಿಸುವ ಸಿಎಸ್‌ಆರ್-1 ನಮೂನೆ ತುಂಬಿರಬೇಕು. ನಿಮ್ಮ ತಾಲ್ಲೂಕಿನಲ್ಲಿ ಒಳ್ಳೆಯ ಹೆಸರಿರುವ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಳ್ಳಿ. ಒಪ್ಪಂದದಲ್ಲಿ ಕೂಲಿಯ ಬಾಬ್ತು, ಜೂನ್‌ನಿಂದ ಡಿಸೆಂಬರ್ ಅನ್ನುವ ತಿಂಗಳು, ಎರಡನ್ನೂ ಬರೆಸಿಕೊಳ್ಳಿ. ಬಾಯಿಮಾತು ಬೇಡ.

ವಿದೇಶಿ ಹಣದ ಬಗ್ಗೆ ಯಾರಾದರೂ ಆಸೆ ತೋರಿಸಿದರೆ ಹುಷಾರಾಗಿರಿ. ಮೂಲನಿವಾಸಿಗಳ ಸಂಘಗಳಿಗೇ ನೇರವಾಗಿ ಸಣ್ಣ ಅನುದಾನ ಕೊಡುವ ನಿಧಿಯನ್ನು ವಿಶ್ವಸಂಸ್ಥೆಯ ಕೃಷಿ ಅಭಿವೃದ್ಧಿ ನಿಧಿಯಾದ ಐಫ್ಯಾಡ್ ನಡೆಸುತ್ತದೆ, ಒಳ್ಳೆಯದೇ. ಆದರೆ ನಮ್ಮ ದೇಶದಲ್ಲಿ ವಿದೇಶಿ ದೇಣಿಗೆ ಪಡೆಯಲು ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಬೇಕು. 2020ರ ತಿದ್ದುಪಡಿಯ ಮೇಲೆ ಒಂದು ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ. "ನಮ್ಮ ಹತ್ತಿರ ಬಂದದ್ದು ನಿಮಗೆ ಕೊಡುತ್ತೇವೆ" ಅಂತ ಯಾರು ಹೇಳಿದರೂ ನಂಬಬೇಡಿ.

ಕಾಡಂಚು (ಚಿಂಚೋಳಿ):

ಒಂದು ಸಣ್ಣ ಮಾತು. ನಮ್ಮ ತಾಂಡಾದವರೂ ಇದನ್ನು ಓದುತ್ತಿದ್ದಾರೆ, ಅವರಿಗಾಗಿ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ. ಪಕ್ಕದ ತೆಲಂಗಾಣದಲ್ಲಿ ಪಂಗಡ. ಆದ್ದರಿಂದ ಎಸ್‌ಟಿಸಿ ಹಣ ನಮಗೆ ಬರುವುದಿಲ್ಲ. ಪರಿಶಿಷ್ಟ ಜಾತಿಯ ಉಪಯೋಜನೆಯಲ್ಲಿ ಕೇಳಬೇಕು. ನಾವು ಇದು ಗೊತ್ತಿಲ್ಲದೆ ಒಂದು ವರ್ಷ ತಪ್ಪು ಟೇಬಲ್‌ಗೆ ಅಲೆದೆವು.

2024ರ ಅಕ್ಟೋಬರ್ 2ರಂದು ಶುರುವಾದ, ಆದಿವಾಸಿ ಊರುಗಳ ಅಭಿವೃದ್ಧಿಯ ಧರ್ತಿ ಆಬಾ ಅಭಿಯಾನದಲ್ಲಿ ಯಾದಗಿರಿಯವರಿಗೆ ಒಂದು ಅನುಕೂಲ ಇದೆ. ಬೇರೆ ಕಡೆ ಊರಿನ ಅರ್ಧ ಜನ ಪಂಗಡದವರಿರಬೇಕು. ಮಹತ್ವಾಕಾಂಕ್ಷಿ ಜಿಲ್ಲೆಯಲ್ಲಿ 50 ಜನ ಇದ್ದರೂ ಸಾಕು. ಆದರೆ ಅದರಲ್ಲಿ ಕೃಷಿಯ ಭಾಗ ಹೆಚ್ಚಾಗಿ ಅರಣ್ಯ ಹಕ್ಕು ಪತ್ರ ಇದ್ದವರಿಗೆ. ದೊಡ್ಡಿಯ ಹೊಲ ಪಟ್ಟಾ ಜಮೀನಾದರೆ ಅದರಿಂದ ಹೆಚ್ಚು ನಿರೀಕ್ಷೆ ಬೇಡ. ಗ್ರಾಮ ಪಂಚಾಯಿತಿಯಲ್ಲಿ ನಿಮ್ಮ ಊರು ಪಟ್ಟಿಯಲ್ಲಿದೆಯಾ ಅಂತ ಮಾತ್ರ ನೋಡಿಕೊಳ್ಳಿ.

ಔರಾದ್ ಕಡೆಯವ:

ನಬಾರ್ಡ್‌ನ ಆದಿವಾಸಿ ಅಭಿವೃದ್ಧಿ ನಿಧಿ ಇದೆ, ಯಾರೂ ಹೇಳಲಿಲ್ಲ. 2003-04ರಿಂದ ನಡೆಯುತ್ತಿದೆ. ವಾಡಿ ಅಂತ ಕರೆಯುತ್ತಾರೆ. ನಮ್ಮ ವಾಡಿ ಜಂಕ್ಷನ್‌ಗೂ ಅದಕ್ಕೂ ಸಂಬಂಧ ಇಲ್ಲ, ಗುಜರಾತಿಯಲ್ಲಿ ವಾಡಿ ಅಂದರೆ ತೋಟ. ಮನೆಗೆ ಒಂದು ಎಕರೆಯಷ್ಟು ಹಣ್ಣಿನ ಗಿಡ, ಮಧ್ಯೆ ಕಾಳು, ಅಂಚಿಗೆ ಬೇರೆ ಮರ. ಒಳ್ಳೆಯ ಯೋಜನೆ. ಆದರೆ ಗಿಡ ಸಣ್ಣದಿರುವಾಗ ಎರಡು ಮೂರು ಬೇಸಿಗೆ ನೀರು ಹೊರಬೇಕು.

ಎರೆಹೊಲ:

ಒಂದು ಮುಖ್ಯ ಮಾತು ಬಿಟ್ಟಿದ್ದೆ. ಯಾವ ಯೋಜನೆಗೂ ಈಗ ಫ್ರೂಟ್ಸ್ ಗುರುತಿನ ಸಂಖ್ಯೆ (ಸರ್ಕಾರದಲ್ಲಿ ರೈತರ ನೋಂದಣಿ ಸಂಖ್ಯೆ) ಕೇಳುತ್ತಾರೆ. ಪಹಣಿ ಯಾರ ಹೆಸರಿನಲ್ಲಿದೆಯೋ ಅವರಿಗೆ ಮಾತ್ರ ಅದು. ದೊಡ್ಡಿಗಳಲ್ಲಿ ಬಹಳ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತವೆ. ತಂಗಿ, 25 ಮನೆಯಲ್ಲಿ ಎಷ್ಟು ಪಹಣಿ ಬದುಕಿರುವವರ ಹೆಸರಿನಲ್ಲಿವೆ ಅಂತ ಇವತ್ತೇ ನೋಡು. ಉಳಿದವಕ್ಕೆ ಪೌತಿ ಖಾತೆಗೆ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಿಸಲು, ಅರ್ಜಿ ಹಾಕಿಸು. ಹೆಂಗಸರ ಹೆಸರನ್ನೂ ವಾರಸಾದಲ್ಲಿ ಸೇರಿಸಲು ಹೇಳು. ಹೊಲದಲ್ಲಿ ದುಡಿಯುವವಳು ಅವಳು, ಪಟ್ಟಿಯಲ್ಲಿ ಹೆಸರು ಗಂಡನದು. ಇದನ್ನು ನಾನು 30 ವರ್ಷ ನೋಡಿದ್ದೇನೆ.

ಮುತ್ಯಾನ ಮೊಮ್ಮಗ (ಗುರುಮಠಕಲ್):

ನಮ್ಮ ಮುತ್ಯಾ ಹೇಳಿದ್ದನ್ನು ನಾನು ಬರೆಯುತ್ತಿದ್ದೇನೆ. ಅವರಿಗೆ ಎಂಬತ್ತರ ಮೇಲಾಗಿದೆ. ಈ ಎಲ್ಲ ಮಾತು ಓದಿ ಹೇಳಿದೆ. ಪೂರ್ತಿ ಕೇಳಿ, "ಆ ಹೆಣ್ಣುಮಗಳಿಗೆ ಕಲಿಸಾಕ ಬೆಂಗಳೂರಿಂದ ಯಾರೂ ಬರಬೇಕಿಲ್ಲ, ಅವರ ಊರಾಗ ನನ್ನಂಥವ ಒಬ್ಬ ಇದ್ದೇ ಇರತಾನ" ಅಂದರು.

ಅವರ ಕಾಲದಲ್ಲಿ ನಾಲ್ಕು ಸಾಲು ಸಜ್ಜೆ, ಒಂದು ಸಾಲು ತೊಗರಿ. ಅಕ್ಕಡಿಗೆ (ನಡುವಿನ ಸಾಲಿಗೆ) ಹೆಸರು, ಎಳ್ಳು. ಹೊಲದ ಸುತ್ತ ಪುಂಡಿ. ಹಿಂಗಾರಿ ಜೋಳದ ಹೊಲಕ್ಕೆ ಕುಸುಬಿ ಅಂಚು, ಮುಳ್ಳಿಗೆ ದನ ಒಳಗೆ ಬರುತ್ತಿರಲಿಲ್ಲ. ಹೆಸರು ಮೊದಲು ಕೈಗೆ ಬರುತ್ತಿತ್ತು, ಅದರಲ್ಲಿ ಗಣಪತಿ ಹಬ್ಬದ ಖರ್ಚು ನಡೆಯುತ್ತಿತ್ತು. ಆಮೇಲೆ ಸಜ್ಜೆ. ತೊಗರಿ ಕೊನೆಗೆ. ಮಳೆ ಒಂದಕ್ಕೆ ಕೈಕೊಟ್ಟರೂ ಇನ್ನೊಂದು ಉಳಿಯುತ್ತಿತ್ತು. ಅದೇ ಹೊಲದಲ್ಲಿ ವರ್ಷವರ್ಷ ಬರೀ ತೊಗರಿ ಹಾಕಿದರೆ ನೆಟೆ ಬರದೆ ಇನ್ನೇನು ಬರುತ್ತದೆ ಅಂತ ಮುತ್ಯಾ ಕೇಳುತ್ತಾರೆ. ಕೃಷಿ ವಿಜ್ಞಾನಿಗಳೂ ಇದನ್ನೇ ಹೇಳುತ್ತಾರೆ, ರೋಗ ಮಣ್ಣಿನಲ್ಲಿ ಉಳಿಯುತ್ತದೆ, ಬೆಳೆ ಬದಲಿಸಿ ಅಂತ.

ಬಿತ್ತುವ ಮೊದಲು ಮುತ್ಯಾ ಈಗಲೂ ಒಂದು ಕೆಲಸ ಮಾಡುತ್ತಾರೆ. ಗೋಣಿ ತಾಟು ನೆನೆಸಿ, ನೂರು ಕಾಳು ಹತ್ತತ್ತರ ಸಾಲಿನಲ್ಲಿ ಇಟ್ಟು, ಸುರುಳಿ ಸುತ್ತಿ, ನೀರಿನ ಗಡಿಗೆಯ ಪಕ್ಕ ಇಡುತ್ತಾರೆ. ನಾಲ್ಕೈದು ದಿನದ ಮೇಲೆ ಬಿಚ್ಚಿ ಎಣಿಸುತ್ತಾರೆ. ಎಂಬತ್ತು ಮೊಳೆತರೆ ಬೀಜ ಒಳ್ಳೆಯದು. ಕಮ್ಮಿ ಇದ್ದರೆ ಬೀಜ ಜಾಸ್ತಿ ಹಾಕಬೇಕು, ಇಲ್ಲ ಬೇರೆ ತರಬೇಕು. ಹೋದ ವರ್ಷ ಅಂಗಡಿಯಿಂದ ತಂದ ಪೊಟ್ಟಣದಲ್ಲಿ 52 ಮಾತ್ರ ಮೊಳೆತಿತ್ತು. ಬಿತ್ತುವ ಮೊದಲೇ ಗೊತ್ತಾಯಿತು, ಹೊಲ ಉಳಿಯಿತು.

ಭೀಮಾ ದಂಡೆ:

ಮುತ್ಯಾನಿಗೆ ನನ್ನ ನಮಸ್ಕಾರ ತಿಳಿಸು ತಮ್ಮ. ಕೂರಿಗಿ ಅಕ್ಕಾ, ನಾನು ಮೊದಲು ಬರೆದದ್ದರಲ್ಲಿ ಬೆಲೆಯ ಮಾತು ಹಿಂದೆ ತೆಗೆದುಕೊಳ್ಳುವುದಿಲ್ಲ. ಆದರೆ ನೀವು ಕೇಳುತ್ತಿರುವುದು ನಾನು ಬೇಡ ಅಂದ ತರಬೇತಿ ಅಲ್ಲ. ಅರ್ಜಿಯಲ್ಲಿ ಒಂದು ಸಾಲು ಸೇರಿಸಿ, ಕೊನೆಯ ಎರಡು ಸಲದ ಪಾಠ ಮಾರಾಟದ ಬಗ್ಗೆ ಇರಲಿ. ಬೆಂಬಲ ಬೆಲೆಗೆ ಹೆಸರು ನೋಂದಾಯಿಸುವುದು ಹೇಗೆ, ಕಾಳು ಎಷ್ಟು ಒಣಗಿರಬೇಕು, ತೂಕದಲ್ಲಿ ಏನು ನೋಡಬೇಕು. ನಾನು ಬಂದು ಹೇಳಿಕೊಡುತ್ತೇನೆ. ಜೇವರ್ಗಿಯಿಂದ ಬಸ್ಸಿನ ಖರ್ಚು ನನ್ನದೇ.

ಕೂರಿಗಿ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಇವತ್ತಿನ ತನಕ ಆದದ್ದು ಹೇಳುತ್ತೇನೆ.

ಪಹಣಿ ನೋಡಿದೆವು. 25ರಲ್ಲಿ 11 ಮಾತ್ರ ಬದುಕಿರುವವರ ಹೆಸರಿನಲ್ಲಿವೆ. ಉಳಿದ 14ಕ್ಕೆ ಪೌತಿ ಖಾತೆ ಅರ್ಜಿ ಬರೆಯಲು ಶುರು ಮಾಡಿದ್ದೇವೆ. ಸಂಘದ ಇಬ್ಬರು ಓದಿದ ಹುಡುಗಿಯರು ಕೂತಿದ್ದಾರೆ. ಇದು ಮುಗಿಯದೆ ಹಣ ಬಂದರೂ ಅರ್ಧ ಮನೆಗೆ ಸಿಗುವುದಿಲ್ಲ ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಎರೆಹೊಲ ಅಣ್ಣನವರ ಆ ಒಂದು ಮಾತಿಗೆ ಎಷ್ಟು ಋಣಿಯಾಗಿದ್ದರೂ ಸಾಲದು.

ಕವಡಿಮಟ್ಟಿಗೆ ಸೋಮವಾರ ನಾಲ್ಕು ಜನ ಹೋಗುತ್ತೇವೆ. ಅರ್ಜಿ ಎರಡು ಪುಟ ಆಗಿದೆ. ಮೊದಲ ಸಾಲಿನಲ್ಲೇ ಬರೆದಿದ್ದೇವೆ, ಜೂನ್‌ನಿಂದ ಡಿಸೆಂಬರ್, ಹೊಲದಲ್ಲಿ, 14 ಸಲ. ಟ್ರೈಕೋಡರ್ಮಾ ಬಿತ್ತನೆಯ ವಾರದಲ್ಲೇ ಕೊಡಬೇಕು, ಮೊದಲೇ ಬೇಡ ಅಂತಲೂ ಬರೆದಿದ್ದೇವೆ. ಕೊನೆಯ ಎರಡು ಪಾಠ ಜೇವರ್ಗಿ ಅಣ್ಣನವರದು. ಕೂಲಿಯ ಹಣಕ್ಕೆ ಬೇರೆ ಅರ್ಜಿ ಮಾಡುತ್ತೇವೆ, ಸೇಡಂ ಅಣ್ಣನವರು ನಮೂನೆ ಕಳಿಸಿದರೆ ಬಹಳ ಉಪಕಾರ.

ಅತ್ತೆಯನ್ನು ಕೇಳಿದೆ, ನೀವೂ ಬರುತ್ತೀರಾ ಅಂತ. ಮೊದಲು ಸುಮ್ಮನಿದ್ದರು. ಆಮೇಲೆ ಒಳಗೆ ಹೋಗಿ ಆ ಖಾಲಿ ಪೊಟ್ಟಣ ಹುಡುಕಿ ತಂದರು. ಬಿಸಾಡಿರಲಿಲ್ಲ. "ಇದರ ಮ್ಯಾಲ ಏನು ಬರೆದಾರ, ಪೂರ್ತಿ ಓದು" ಅಂದರು. ಓದಿದೆ.

ಗುರುಮಠಕಲ್ ತಮ್ಮ, ಮುತ್ಯಾ ಜೂನ್‌ನಲ್ಲಿ ಒಂದು ದಿನ ನಮ್ಮ ದೊಡ್ಡಿಗೆ ಬರುತ್ತಾರಾ? ಮುನ್ನಾದಿನವೇ ಬಂದು ಉಳಿಯಲಿ. ಯಾದಗಿರಿಯಿಂದ ಕರೆತರುವ ಜವಾಬ್ದಾರಿ ನಮ್ಮದು.

ಮುತ್ಯಾನ ಮೊಮ್ಮಗ:

ಬರುತ್ತಾರಂತೆ ಅಕ್ಕಾ. ಹಳೆಯ ಸಜ್ಜೆ ಬೀಜ ಎರಡು ಸೇರು ಕಟ್ಟಿಟ್ಟಿದ್ದಾರೆ. ನಿಮ್ಮ ಹೊಲ ಎರೆಯೋ (ಕಪ್ಪು ಮಣ್ಣು) ಮಸಾರಿಯೋ (ಕೆಂಪು ಮಣ್ಣು) ಅಂತ ಕೇಳುತ್ತಿದ್ದಾರೆ.